ಬಂದವರಿಗೊಂದು ಕುರ್ಚಿ

ಮಾನ್ಯ ವಾಚಕ ಮಹಾಶಯರೇ, ನಿರ್ಗತಿಕ ವೃದ್ಧರಿಗೆ ಮಾಸಾಶನ ನೀಡುವ ಧರ್ಮಸಂಸ್ಥೆಯೊಂದರ ಪರಿಶೀಲಕನಾಗಿ ನಾನು ಆ ಓಣಿಯನ್ನು ಪ್ರವೇಶಿಸಿದೆನು. ಮೊದಲ ಮನೆಯ ಮುದುಕಿ ದ್ಯಾಮವ್ವ ತೇಗದ ಕುರ್ಚಿಯೊಂದನ್ನು ಸೆರಗಿನಿಂದ ಒರೆಸಿ ಮುಂದಿಟ್ಟಳು.

“ಕುಂದರ್ರಿ ಸಾಹೇಬ್ರ. ಬಂದವರನ್ನ ನೆಲಕ್ಕ ಕುಂದರಸೂ ಮಂದಿ ಅಲ್ಲ ನಾವು.”

“ಚಲೋ ಕುರ್ಚಿ ಐತಲ್ಲಜ್ಜಿ!”

“ನಿಮ್ಮಂಥವರು ಕುಂತರ ಅದಕ್ಕೂ ಮರ್ಯಾದಿರಿ. ರೊಕ್ಕ ಯಾವಾಗ ಬರತೈತ್ರಿ? ಬಿಪಿ ಗುಳಿಗಿ ತೀರ್ಯಾವು.”

“ತಿಳಸ್ತೀವಿ.”

ಇಂಥ ಪೀಠೋಪಕರಣವುಳ್ಳವರು ನಿರ್ಗತಿಕರಲ್ಲವೆಂಬುದು ಸಂಸ್ಥೆಯ ನಿಯಮ. ಆಕೆಯ ಹೆಸರನ್ನು ಹೊಡೆದುಹಾಕಿದೆನು. ಎರಡನೆಯ ಮನೆಯ ಮುದುಕಿಯೂ ತೇಗದ ಕುರ್ಚಿಯನ್ನೇ ಇಟ್ಟಳು. ಆ ಹೆಸರನ್ನೂ ಹೊಡೆದುಹಾಕಿದೆನು.

ಬಳಿಕ ಕಾಗದಗಳನ್ನು ಚೀಲಕ್ಕೆ ತುಂಬಿ, ಹೆಗಲಿಗೇರಿಸಿ, ಮೂರನೆಯ ಮನೆಗೆ ಹೊರಟೆನು. ಅಷ್ಟರಲ್ಲಿ ಅದೇ ಕುರ್ಚಿಯನ್ನು ತಲೆಯ ಮೇಲೆ ಹೊತ್ತ ದ್ಯಾಮವ್ವ ನನ್ನನ್ನು ದಾಟಿ ಓಡಿದಳು.

“ಬಾಗಲಾ ತಗೀಯಬೇ! ಸಾಹೇಬ್ರು ಬಂದ್ರು, ಲಗೂನ ಕುರ್ಚಿ ಒಳಗ ತಗೋ!”