ವೆಲ್ಡಾಳ ಹುಕ್ಕು

ಈಜು ಮುಗಿಸಿ ಕೊಳದಿಂದ ಮೇಲೆ ಬಂದ ಮಾರ್ನಿ, ಮೈ ಒರೆಸಿಕೊಳ್ಳುವ ಗೋಜಿಗೂ ಹೋಗದೆ ಒದ್ದೆ ಈಜುಡುಗೆಯ ಮೇಲೇ ಉದ್ದ ಅಂಗಿ ಎಳೆದುಕೊಂಡು ನೇರ ಹೊರಬಾಗಿಲಿಗೆ ನಡೆದಳು. ಬಲಗಡೆಯ ಹೆಂಗಸರ ಬಟ್ಟೆ ಬದಲಿಸುವ ಕೋಣೆಯತ್ತ ತಿರುಗಿಯೂ ನೋಡಲಿಲ್ಲ. ನೋಡಿದರೆ ಕಾಲು ತಾನಾಗಿ ಅತ್ತ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಎಂಟು ವರ್ಷದ ರೂಢಿ.

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಈಗ ಹೊಸ ಕಾನೂನು ಬಂದಿದೆ. ಸರ್ಕಾರಿ ಕಟ್ಟಡದಲ್ಲಿ ಶೌಚಾಲಯವಾಗಲಿ, ಬಟ್ಟೆ ಬದಲಿಸುವ ಕೋಣೆಯಾಗಲಿ, ಹುಟ್ಟಿದಾಗ ಗಂಡೆಂದು ಬರೆಸಿದ್ದರೆ ಗಂಡಸರದ್ದಕ್ಕೆ, ಹೆಣ್ಣೆಂದು ಬರೆಸಿದ್ದರೆ ಹೆಂಗಸರದ್ದಕ್ಕೆ ಹೋಗಬೇಕು. ಈಜುಕೊಳ ನಗರಸಭೆಯದ್ದು. ಮಾರ್ನಿ ಹುಟ್ಟಿದಾಗ ಗಂಡೆಂದು ಬರೆಸಿದ್ದರು. ಕೊಳದ ಮೇಲ್ವಿಚಾರಕ ಅವಳನ್ನು ಪಕ್ಕಕ್ಕೆ ಕರೆದು, ನೆಲ ನೋಡುತ್ತಲೇ ವಿಷಯ ತಿಳಿಸಿದ್ದ. ಗಂಡಸರ ಕೋಣೆಗೆ ಧಾರಾಳವಾಗಿ ಹೋಗಬಹುದಂತೆ. ಅರವತ್ತೆರಡರ ಹೆಂಗಸೊಬ್ಬಳು ಈಜುಡುಗೆಯಲ್ಲಿ ಅಲ್ಲಿ ಹೋಗಿ ನಿಂತರೆ, ಪಾಪ, ಆ ಗಂಡಸರು ಟವೆಲ್ ಸುತ್ತಿಕೊಂಡು ಎಲ್ಲಿಗೆ ಓಡಬೇಕೋ.

ಹೊರಗೆ ಏಪ್ರಿಲ್ ಗಾಳಿ ಕೊರೆಯುತ್ತಿತ್ತು. ಮಾರ್ನಿ ತನ್ನ ಪಿಕಪ್ ಗಾಡಿ ಹತ್ತಿ, ಸೀಟಿಗೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ಕೂತಳು. ಗಾಡಿ ಶುರು ಮಾಡಲಿಲ್ಲ. ಮೂರು ವಾರದಿಂದ ಅವಳು ಅದನ್ನು ಇದೇ ಗೋಡೆಯ ಪಕ್ಕ ನಿಲ್ಲಿಸುತ್ತಾಳೆ. ಮೇಲೆ, ಕೈಗೆಟುಕದ ಎತ್ತರದಲ್ಲಿ, ಹೆಂಗಸರ ಕೋಣೆಯ ಮಸುಕು ಗಾಜಿನ ಕಿಟಕಿ. ಹಬೆ ಹೋಗಲೆಂದು ನಾಲ್ಕು ಬೆರಳಷ್ಟು ತೆರೆದಿರುತ್ತದೆ. ಒಳಗಿನ ಮಾತು ಕೇಳಿಬರುತ್ತದೆ. ಯಾರದೋ ಮಂಡಿ ಆಪರೇಷನ್, ಯಾರದೋ ಸೊಸೆ, ಚರ್ಚಿನ ಊಟಕ್ಕೆ ಬೀನ್ಸ್ ಯಾರು ತರುವುದು. ಅರ್ಧ ಕೇಳುತ್ತದೆ, ಅರ್ಧ ಇಲ್ಲ. ಎಲ್ಲರೂ ನಕ್ಕಾಗ ಏಕೆ ನಕ್ಕರೆಂದು ತಿಳಿಯದೆ ಅವಳು ಕೂತಲ್ಲೇ ಕತ್ತು ಮೇಲಕ್ಕೆ ಚಾಚುತ್ತಾಳೆ. ಈಜು ಯಾರಿಗೆ ಬೇಕಿತ್ತು? ಅವಳಿಗೆ ಬೇಕಾದದ್ದು ಆಮೇಲಿನ ಆ ಅರ್ಧ ಗಂಟೆ, ಆ ಮರದ ಬೆಂಚು.

ಆ ಬೆಂಚಿಗೆ ಅವಳನ್ನು ಸೇರಿಸಿಕೊಂಡವಳು ವೆಲ್ಡಾ, ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದ ಎಪ್ಪತ್ತೊಂಬತ್ತರ ಮುದುಕಿ. ಮೊದಲ ದಿನ ಮಾರ್ನಿ ಗೋಡೆಗೆ ಮುಖ ಮಾಡಿ ಮೂಲೆಯಲ್ಲಿ ನಿಂತಿದ್ದಳು. ಮೂವತ್ತು ವರ್ಷ ಮನೆಮನೆಯ ಕರೆಂಟ್ ಮೀಟರ್ ನೋಡಿದವಳು. ಅವಳ ಆಗಿನ ಹೆಸರು, ಆಗಿನ ಮೀಸೆ ಊರಿಗೆಲ್ಲ ಗೊತ್ತು. ಕೋಣೆಯಲ್ಲಿ ಮಾತು ನಿಂತುಹೋಗಿತ್ತು. ಆಗ ವೆಲ್ಡಾ ತನ್ನ ಬೆನ್ನು ತಂದು ಅವಳ ಮುಂದೆ ಹಿಡಿದು, ನನ್ನ ಭುಜ ಹಿಂದಕ್ಕೆ ಹೋಗಲ್ಲ, ಸುಮ್ಮನೆ ನಿಂತಿದ್ದೀಯಲ್ಲ, ಈ ಬ್ರಾ ಹುಕ್ಕು ಹಾಕು ಎಂದಿದ್ದಳು. ಅಂದಿನಿಂದ ಆ ಮೂರು ಹುಕ್ಕು ಮಾರ್ನಿಯ ಪಾಲಿನ ಕೆಲಸವಾಗಿತ್ತು.

ಇವತ್ತು ಕಿಟಕಿಯಿಂದ ವೆಲ್ಡಾಳ ದನಿ ಬರಲಿಲ್ಲ. ವೆಲ್ಡಾಳೇ ಬಂದಳು. ಪ್ಯಾಂಟು, ಚಪ್ಪಲಿ, ಹೆಗಲ ಸುತ್ತ ದೊಡ್ಡ ಟವೆಲ್, ತಲೆಯಿಂದ ಇನ್ನೂ ನೀರಿಳಿಯುತ್ತಿತ್ತು. ಗಾಡಿಯ ಗಾಜು ತಟ್ಟಿದಳು.

“ದಿನಾ ಇಲ್ಲೇ ಕೂತಿರ್ತೀಯೇನೇ?”

ಮಾರ್ನಿ ಕೆಳಗಿಳಿದಳು. ಒಂದು ಸುಳ್ಳು ಹುಡುಕಿದಳು, ಸಿಗಲಿಲ್ಲ. ಇವತ್ತೇ ಕೊನೆ, ನಲವತ್ತು ಮೈಲಿ ಆಚೆ ಖಾಸಗಿ ಕೊಳವಿದೆ, ಅದಕ್ಕೆ ಈ ಕಾನೂನು ತಾಗುವುದಿಲ್ಲ, ನಾಳೆಯಿಂದ ಅಲ್ಲಿಗೇ ಹೋಗುವುದು ಎಂದು ಒಂದೇ ಉಸಿರಿಗೆ ಹೇಳಿದಳು.

“ಅಲ್ಲಿ ನೀರಿರತ್ತೆ, ಸರಿ. ಯಾರಿರ್ತಾರೆ?”

ವೆಲ್ಡಾ ಬೆನ್ನು ತಿರುಗಿಸಿ ಟವೆಲ್ ಕೆಳಗಿಳಿಸಿದಳು. ಬ್ರಾ ಹಿಂದೆ ಬಿಚ್ಚಿಕೊಂಡೇ ಜೋತಾಡುತ್ತಿತ್ತು.

“ಹಾಕು.”

“ಇಲ್ಲಿ ರಸ್ತೆಗೆಲ್ಲ ಕಾಣತ್ತೆ, ವೆಲ್ಡಾ. ಒಳಗೆ ಅಷ್ಟು ಜನ ಇದ್ದಾರಲ್ಲ, ಅವರು ಹಾಕಲ್ವಾ?”

“ಮೂರು ವಾರದಿಂದ ಅವರೇ ಹಾಕಿದ್ದು. ಒಬ್ಬಳಿಗೂ ಸರಿಯಾಗಿ ಬರಲ್ಲ ಕಣೇ.”

ರಸ್ತೆಯಲ್ಲಿ ಲಾರಿಯೊಂದು ನಿಧಾನಗೊಂಡು, ಮತ್ತೆ ಮುಂದಕ್ಕೆ ಹೋಯಿತು. ಮಾರ್ನಿಯ ಬೆರಳು ಚಳಿಗೆ ಮರಗಟ್ಟಿದ್ದವು. ಎರಡು ಹುಕ್ಕು ಸಿಕ್ಕವು. ಮೂರನೆಯದು ಕಣ್ಣು ಮಂಜಾಗಿ ಎರಡು ಸಲ ತಪ್ಪಿತು. ವೆಲ್ಡಾ ಅವಸರ ಮಾಡಲಿಲ್ಲ. ಮೂರೂ ಸಿಕ್ಕ ಮೇಲೆ ಟವೆಲ್ ಹೊದ್ದು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು.

ಮಾರ್ನಿ ಗಾಡಿ ಹತ್ತಿ ಕೀಲಿಗೆ ಕೈ ಹಾಕಿದಳು. ತಲೆಯ ಮೇಲೆ ಏನೋ ಕಿರ್ರೆಂದಿತು. ಒಳಗಿಂದ ಯಾರೋ ಪೊರಕೆಯ ಹಿಡಿಯಿಂದ ಕಿಟಕಿಯನ್ನು ಪೂರ್ತಿ ತಳ್ಳುತ್ತಿದ್ದರು. ಬಿಸಿ ಹಬೆಯೂ ಸೋಪಿನ ವಾಸನೆಯೂ ಹೊರಗೆ ಬಂದವು. ಹಿಂದೆಯೇ ವೆಲ್ಡಾಳ ದನಿ, ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವಂಥದ್ದು:

“ಸ್ವಲ್ಪ ಗಟ್ಟಿಯಾಗಿ ಮಾತಾಡ್ರೇ. ಮಾರ್ನಿಗೆ ಕೇಳಿಸಲ್ಲ.”