ಬೆಳಿಗ್ಗೆ ಆರಕ್ಕೆ

ಬಡಾವಣೆಯ ಮೂಲೆಯಲ್ಲಿದ್ದ ಮದ್ಯದಂಗಡಿಯವನು ಹತ್ತು ಗಂಟೆಯ ಬದಲು ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೆಯಲು ಅನುಮತಿ ಕೇಳಿದ್ದ. ಜನರ ಅಭಿಪ್ರಾಯ ಕೇಳಲು ಅಬಕಾರಿ ಅಧಿಕಾರಿ ಬಂದಿದ್ದರು. ಸಮುದಾಯ ಭವನ ತುಂಬಿತ್ತು.

ನಿವಾಸಿಗಳ ಸಂಘದ ಅಧ್ಯಕ್ಷರು ಎದ್ದು ನಿಂತರು.

"ಇದು ಮರ್ಯಾದಸ್ಥರು ಇರೋ ಜಾಗ ಸಾರ್. ಮನೆಮನೆಯಲ್ಲೂ ದೇವರ ದೀಪ ಹಚ್ಚೋ ಹೊತ್ತು ಅದು. ಆ ಹೊತ್ತಲ್ಲಿ ಕುಡಿಯೋ ಮನುಷ್ಯ ಇಲ್ಲಿ ಯಾವನಿದ್ದಾನೆ?"

ಜೋರಾಗಿ ಚಪ್ಪಾಳೆ ಬಿತ್ತು. ಅದು ನಿಂತ ಮೇಲೆ, ಬಾಗಿಲ ಹತ್ತಿರ ಕೂತಿದ್ದವನೊಬ್ಬ ಕೈ ಎತ್ತಿದ. ಭವನದಲ್ಲಿ ಅವನ ಅಕ್ಕಪಕ್ಕದ ಕುರ್ಚಿಗಳು ಮಾತ್ರ ಖಾಲಿಯಿದ್ದವು.

"ನಾನಿದ್ದೀನಿ ಸಾರ್. ಅಂಗಡಿ ಆರಕ್ಕೆ ತೆಗೆಸಿಕೊಡಿ."

ಜನ ಗೊಳ್ಳೆಂದು ನಕ್ಕರು. ಅಧಿಕಾರಿಗೂ ನಗು ಬಂತು.

"ಏನಯ್ಯಾ, ಹತ್ತು ಗಂಟೆವರೆಗೂ ತಡ್ಕೊಳ್ಳೋಕಾಗಲ್ವಾ ನಿನಗೆ?"

"ನಾನು ತಡ್ಕೋತೀನಿ ಸಾರ್. ಅಧ್ಯಕ್ಷರು ತಡ್ಕೊಳ್ಳಲ್ಲ."

ಅಧ್ಯಕ್ಷರ ಮುಖ ಕೆಂಪಾಯಿತು. ಅಧಿಕಾರಿ ಹುಬ್ಬೇರಿಸಿದರು.

"ಯಾಕೆ, ಅವರೂ ಕುಡೀತಾರಾ?"

"ಅಯ್ಯೋ, ಇಲ್ಲ ಸಾರ್. ಇವರ ಬೀದಿಯ ಮ್ಯಾನ್‌ಹೋಲ್ ಕಟ್ಟಿಕೊಂಡಾಗೆಲ್ಲ ಒಳಗೆ ಇಳಿಯೋನು ನಾನು. ಕುಡೀದೆ ಆ ನಾತದೊಳಗೆ ಇಳಿಯೋಕಾಗಲ್ಲ. ಹತ್ತರ ಮೇಲೆ ಬರ್ತೀನಿ ಅಂದ್ರೆ, 'ಆಗ ಜನ ಓಡಾಡ್ತಾರೆ, ಯಾರಾದ್ರೂ ಫೋಟೋ ಹಿಡಿದ್ರೆ ಮನುಷ್ಯನ್ನ ಇಳಿಸಿದ್ದಕ್ಕೆ ನಮ್ಮೇಲೆ ಕೇಸಾಗುತ್ತೆ, ಆರೂವರೆಗೇ ಇಳಿದುಬಿಡು' ಅಂತಾರೆ ಇವರು."