ಗೋಡೆ ದಾಟಿದ ವೈರು

ದೀಪಿಕಳ ಹೊಸ ಎಲೆಕ್ಟ್ರಿಕ್ ಬೈಕು ಚಾರ್ಜಿಗೆ ಬಿದ್ದ ಕೂಡಲೇ ಗೋಡೆಯ ಈಚೆ ಹೊನ್ನಯ್ಯನ ಮನೆಯ ಬಲ್ಬು ಮಂಕಾಯಿತು. ಇವತ್ತೂ ಅದೇ ಕತೆ. ಒಳಕೋಣೆಯಲ್ಲಿ ಹೆಂಡತಿ ಸಣ್ಣತಾಯಮ್ಮ ಮುಖಕ್ಕೆ ಹಿಡಿದುಕೊಂಡಿದ್ದ ಉಸಿರಾಟದ ಮಿಷನ್ನಿನ ಸದ್ದು ಇಳಿಯಿತು. ಉಬ್ಬಸದ ಹೆಂಗಸು. ಸಂಜೆ ಆ ಮಿಷನ್ನು ಸರಿಯಾಗಿ ಓಡದಿದ್ದರೆ ಅವಳನ್ನು ಹೊತ್ತುಕೊಂಡು ಮಳವಳ್ಳಿ ಆಸ್ಪತ್ರೆಗೆ ಓಡಬೇಕು.

ಹೊನ್ನಯ್ಯ ಗೋಡೆಯತ್ತ ದುರುಗುಟ್ಟಿ ನೋಡಿದ. ಗೋಡೆಯಾಚೆಯವರು ಕಳ್ಳರು, ಅನುಮಾನವೇ ಇಲ್ಲ.

ದೀಪಿಕ ಅವನ ತಮ್ಮ ಶಶಿಧರನ ಮಗಳು. ಕಿರುಗಾವಲು ಊರಿನ ಆ ಒಂದೇ ಮನೆಯನ್ನು ಅಣ್ಣತಮ್ಮಂದಿರು ಭಾಗ ಮಾಡಿಕೊಂಡಾಗ ಪಾತ್ರೆ, ಹಸು, ತೆಂಗಿನಮರ ಎಲ್ಲ ಹಂಚಿದ್ದರು. ನಡುವೆ ಗೋಡೆ ಎಬ್ಬಿಸಿ ಮಾತು ಬಿಟ್ಟಿದ್ದರು. ಹೊನ್ನಯ್ಯ ತನ್ನ ಪಾಲಿಗೆ ಹೊಸ ಮೀಟರು ಹಾಕಿಸಿಕೊಂಡಿದ್ದ. ಬರುತ್ತಿದ್ದುದೆಲ್ಲ ಸೊನ್ನೆ ಬಿಲ್ಲು. ಸರ್ಕಾರದ ಬಿಟ್ಟಿ ಕರೆಂಟು ಎಂದು ಅವನು ನೆಮ್ಮದಿಯಾಗಿದ್ದ.

ಅಷ್ಟರಲ್ಲಿ ಮಂಡ್ಯದಿಂದ ಈ ಬೈಕು ಬಂತು. ಮಳವಳ್ಳಿಯ ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗಲು ದೀಪಿಕ ತಂದಳಂತೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದರು. ಓಡಿಸುವ ಮೊದಲು ಪೂರ್ತಿ ಚಾರ್ಜು ಮಾಡಿ ಎಂದು ಶೋರೂಮಿನವರು ಹೇಳಿದ್ದರಿಂದ ಪೂಜೆ ಮುಗಿದಿದ್ದೇ ಪ್ಲಗ್ಗಿಗೆ ಸಿಕ್ಕಿಸಿದರು. ಬೀದಿಗೆಲ್ಲ ಸಿಹಿ ಹಂಚಿದರು. ಹೊನ್ನಯ್ಯನ ಬಾಗಿಲಿಗೂ ತಟ್ಟೆ ಬಂತು. ಅವನು ಅದನ್ನು ಹಸುವಿಗೆ ಹಾಕಿದ.

ಬಲ್ಬು ಮಂಕಾಗತೊಡಗಿದ್ದು ಅವತ್ತಿನಿಂದಲೇ. ಎದುರುಮನೆ ಮಾಯಮ್ಮನನ್ನು ವಿಚಾರಿಸಿದ. ಅವರ ಮನೆಯ ದೀಪಕ್ಕೆ ಏನೂ ಆಗಿರಲಿಲ್ಲ. ಈ ಅನಿಷ್ಟ ತನ್ನ ಮನೆಗೆ ಮಾತ್ರ. ಅಂದಮೇಲೆ ಆ ಹುಡುಗಿ ಬೈಕಿಗೆ ತುಂಬಿಸಿಕೊಳ್ಳುತ್ತಿರುವುದು ತನ್ನದೇ ಕರೆಂಟು.

ಈ ಸಂಜೆ ಸಾಕ್ಷಿಯೂ ಸಿಕ್ಕಿತು. ಸೂರಿನ ಕೆಳಗೆ, ಗೋಡೆಯ ನೆತ್ತಿ ದಾಟಿ, ಒಂದು ಹಳೆಯ ಕಪ್ಪು ವೈರು ಆ ಮನೆಗೂ ಈ ಮನೆಗೂ ಹಾದಿತ್ತು.

ಹೊನ್ನಯ್ಯ ನುಗ್ಗೆಕಾಯಿ ಕೀಳುವ ದೋಟಿ ತಂದ. ಒಣಬಿದಿರಿನ ಗಳ, ತುದಿಗೆ ಕುಡುಗೋಲು. ಕೂಗಾಡಿ ಬೀದಿಯವರನ್ನು ಸೇರಿಸಿದ. ತಮ್ಮನ ಮಾನ ಎಲ್ಲರೆದುರೇ ಹೋಗಲಿ ಎಂಬ ಆಸೆ ಅವನಿಗೆ.

ದೀಪಿಕ ಓಡಿಬಂದಳು. ಮುಖ ಬಿಳಿಚಿಕೊಂಡಿತ್ತು.

"ದೊಡ್ಡಪ್ಪ, ಆ ವೈರ್ ತಂಟೆಗೆ ಓಗ್ಬ್ಯಾಡಿ. ಬೇಕಾರೆ ಬೈಕ್ ಚಾರ್ಜು ಈಗ್ಲೇ ತೆಗೀತೀನಿ."

"ಈಗ ಎದರ್ಕಂಡ್ಯಾ? ನಿಮ್ಮ ದೊಡ್ಡವ್ವ ಅಲ್ಲಿ ಉಸ್ರಿಗೆ ಒದ್ದಾಡ್ತಾವ್ಳೆ. ನಿಂಗೆ ಸವಾರಿ ಸೋಕಿ."

"ದೊಡ್ಡವ್ವನ ಸಲ್ವಾಗೇ ಏಳ್ತಿರೋದು, ಬುಡಿ. ಎಲ್ರೆದ್ರು ಬ್ಯಾಡ, ಒಳಿಕ್ ಬನ್ನಿ ಏಳ್ತೀನಿ."

ಅವನು ದೋಟಿ ಮೇಲೆತ್ತಿದ. ಕದ್ದಿದ್ದಲ್ಲದೆ ನಾಟಕ ಬೇರೆ. ಶಶಿಧರ ಬಂದು ದೋಟಿಗೆ ಕೈ ಹಾಕಿದ. ಹೊನ್ನಯ್ಯ ಅವನನ್ನು ಎದೆಗೆ ಕೈಕೊಟ್ಟು ನೂಕಿ ಕೆಡವಿದ. ಕುಡುಗೋಲನ್ನು ವೈರಿಗೆ ಸಿಕ್ಕಿಸಿ ಜಗ್ಗಿದ.

ಕಿಡಿ ಹಾರಿ ವೈರು ತುಂಡಾಯಿತು. ಹೊನ್ನಯ್ಯ ಗೆದ್ದ ಮುಖದಲ್ಲಿ ತಮ್ಮನ ಜಗಲಿಯತ್ತ ನೋಡಿದ. ಬೈಕಿನ ಚಾರ್ಜರಿನ ದೀಪ ಉರಿಯುತ್ತಲೇ ಇತ್ತು. ಅವನ ಬೆನ್ನ ಹಿಂದೆ ಬಲ್ಬು ಆರಿತು. ಒಳಕೋಣೆಯಲ್ಲಿ ಮಿಷನ್ನು ನಿಂತಿತು.

ಶಶಿಧರ ನೆಲದಿಂದ ಎದ್ದ. "ನಿನ್ನ ಒಸ ಮೀಟ್ರಿಗೆ ಮನೆ ವೈರು ಯಾವತ್ತೂ ಸೇರ್ಸೇ ಇಲ್ಲ ಕಣಣ್ಣ. ಇಷ್ಟ್ ದಿನ ಅತ್ತಿಗೆ ಉಸ್ರಾಡಿದ್ದು ನಮ್ಮನೆ ಕರೆಂಟಲ್ಲಿ."